ಐದನೆಯ ರವಿವಾರ

ರವಿವಾರ ಸಂಜೆ ಏಳೂವರೆಗೆ ಟೀವಿ ಮುಂದೆ ಕೂರಬೇಕೆಂದರೆ ರೇಣು ಐದಕ್ಕೇ ಒಲೆ ಮುಂದೆ ಕೂರಬೇಕಿತ್ತು. ಮನೆಯಲ್ಲಿದ್ದವರು ನಾಲ್ಕೇ ಜನ. ಆದರೆ ‘ಮರದ ಮಾಂತ್ರಿಕರು’ ಶುರುವಾದಾಗಿನಿಂದ ವಾರಕ್ಕೊಮ್ಮೆ ಓಣಿಯ ಎಂಟು ಹತ್ತು ಮಂದಿ ಬಂದು ಪಡಸಾಲೆ ತುಂಬುತ್ತಿದ್ದರು. ಅವರಿಗೆ ಚಹಾ ಆಗಬೇಕು, ಅವರು ಎದ್ದು ಹೋದ ಮೇಲೆ ಕಸ ಹೊಡೆಯಬೇಕು. ಅತ್ತೆ ಲಗಮವ್ವ ಮೊದಲ ವಾರ ಎಲ್ಲರಿಗೂ ಅವಲಕ್ಕಿ ಹಚ್ಚಿ ಕೊಟ್ಟಳು. ಎರಡನೇ ವಾರ ಬರೀ ಚಹಾ. ಮೂರನೇ ವಾರ ಹಾಲಿನ ಪಾತ್ರೆ ನೋಡಿ, “ಇವರಿಗೆಲ್ಲಾ ತಮ್ಮ ಮನ್ಯಾಗ ಟೀವಿ ಇಲ್ಲೇನು?” ಎಂದಳು.

ಅದು ಕನ್ನಡ ಚಾನೆಲ್ಲೊಂದರ ಬಡಿಗತನದ ಸ್ಪರ್ಧೆ. ಹತ್ತು ಜನ ಸ್ಪರ್ಧಿಗಳು, ವಾರಕ್ಕೊಬ್ಬರು ಮನೆಗೆ. ಆ ಹತ್ತರಲ್ಲಿ ಒಬ್ಬ ರೇಣುವಿನ ಗಂಡ ಗೌತಮ. ಬೈಲಹೊಂಗಲದಿಂದ ಟೀವಿಗೆ ಹೋದವರು ಓಣಿಗೆ ಗೊತ್ತಿದ್ದ ಮಟ್ಟಿಗೆ ಅವನೊಬ್ಬನೇ. ಚಿತ್ರೀಕರಣವೆಲ್ಲ ಬೆಂಗಳೂರಿನ ಹೊರಗೆ ಒಂದು ಶೆಡ್ಡಿನಲ್ಲಿ ಅಕ್ಟೋಬರ್‌ನಲ್ಲೇ ಮುಗಿದಿತ್ತು. ಪ್ರಸಾರ ಜನವರಿಯಿಂದ. ಅಲ್ಲಿಯವರೆಗೆ ಫಲಿತಾಂಶ ಯಾರಿಗೂ ಹೇಳಬಾರದೆಂದು ಚಾನೆಲ್ಲಿನವರು ಕಾಗದದ ಮೇಲೆ ಸಹಿ ಹಾಕಿಸಿಕೊಂಡಿದ್ದರು. ಗೌತಮ ಅಪ್ಪನಿಗೂ ಅವ್ವನಿಗೂ ಏನೂ ಹೇಳಿರಲಿಲ್ಲ. ರೇಣುವಿಗೆ ಮಾತ್ರ ಎರಡು ಸಂಗತಿ ಹೇಳಿದ್ದ. ಒಂದು, ಐದನೆಯ ವಾರ ತಾನು ಹೊರಗೆ ಬಿದ್ದದ್ದು. ಇನ್ನೊಂದು, ಹೊರಗೆ ಬೀಳುವ ಮುಂಚೆ ಕ್ಯಾಮೆರಾ ಮುಂದೆ ಅಪ್ಪನ ಬಗ್ಗೆ ಆಡಿದ ಮಾತು.

ಆ ಮಾತೇ ರೇಣುವಿನ ಹೊಟ್ಟೆಯಲ್ಲಿ ನಾಲ್ಕು ತಿಂಗಳಿಂದ ಕೂತಿತ್ತು.

ಮಾವ ಶಟ್ಟೆಪ್ಪನಿಗೆ ಅರವತ್ತೊಂದು. ಬಡಿಗತನ ಅವನ ಮನೆತನದ ಕಸುಬಲ್ಲ. ಕಟ್ಟಿಗೆ ಅಡ್ಡೆಯಲ್ಲಿ ಹಮಾಲಿ ಮಾಡುತ್ತ ಮಾಡುತ್ತ ಕಲಿತದ್ದು. ತಲಬಾಗಿಲಿನ ಚೌಕಟ್ಟಿಗೆ ಅವನ ಕೈ ಹೆಸರಾಗಿತ್ತು. ಕಿತ್ತೂರು, ಸವದತ್ತಿ, ರಾಮದುರ್ಗಕ್ಕೂ ಅವನ ಚೌಕಟ್ಟುಗಳು ಹೋಗುತ್ತಿದ್ದವು. ಆದರೆ ಚೌಕಟ್ಟು ನಿಲ್ಲಿಸುವ ದಿನ ಬೇರೆ. ಅಂದು ಹೊಸ್ತಿಲಿಗೆ ಪೂಜೆ ಆಗಬೇಕು, ಮಾಡಿದ ಬಡಿಗ ನಿಂತು ಚೌಕಟ್ಟು ಎತ್ತಬೇಕು, ಮನೆಯವರು ಅವನಿಗೆ ಟಾವೆಲ್ಲು, ತೆಂಗಿನಕಾಯಿ, ದಕ್ಷಿಣೆ ಇಟ್ಟು ಆಯೇರಿ ಮಾಡಬೇಕು. ಅಂಬೇಡ್ಕರ್ ಓಣಿಯ ಶಟ್ಟೆಪ್ಪನನ್ನು ಅದಕ್ಕೆ ಯಾರೂ ಕರೆಯುತ್ತಿರಲಿಲ್ಲ. ಚೌಕಟ್ಟು ಟೆಂಪೋದಲ್ಲಿ ಹೋಗುತ್ತಿತ್ತು. ಪೂಜೆಗೆ ಕುಲದ ಬಡಿಗ ಕಲ್ಮೇಶ ಬರುತ್ತಿದ್ದ.

ಶಟ್ಟೆಪ್ಪ ಆ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮನೆಯಿಂದ ಹೊರಡುತ್ತಿದ್ದ. ಸಂಜೆ ಒಂದು ಹೊಸ ಟಾವೆಲ್ಲು, ಒಂದು ತೆಂಗಿನಕಾಯಿ ತಂದು ಹೆಂಡತಿಯ ಕೈಗೆ ಕೊಡುತ್ತಿದ್ದ. ಅವನೇ ಕೊಂಡು ತಂದವು. ಗೌತಮ ಒಂಬತ್ತನೆಯ ತರಗತಿಯಲ್ಲಿದ್ದಾಗ ಶಾಲೆಯ ಪ್ರವಾಸದ ಬಸ್ಸು ಸವದತ್ತಿ ಬಸ್ ನಿಲ್ದಾಣದ ಹತ್ತಿರ ಕೆಟ್ಟು ಎರಡು ತಾಸು ನಿಂತಿತ್ತು. ಸರಿಯಾಗಿ ಮುಹೂರ್ತದ ಹೊತ್ತು. ಅಪ್ಪ ಇಸ್ತ್ರಿ ಅಂಗಿಯಲ್ಲಿ ನಿಲ್ದಾಣದ ಬೆಂಚಿನ ಮೇಲೆ ಒಬ್ಬನೇ ಕೂತಿದ್ದ. ಅದೇ ಸಂಜೆ ಟಾವೆಲ್ಲು ಕೈಯಲ್ಲಿ ಹಿಡಿದು, ಪೂಜೆ ಹೇಗಾಯಿತು, ಎಷ್ಟು ಮಂದಿ ಸೇರಿದ್ದರು ಎಂದು ಅವ್ವನ ಮುಂದೆ ಸಾಂಗವಾಗಿ ಹೇಳಿದ.

ಗೌತಮ ಇದನ್ನು ಹದಿನೈದು ವರ್ಷ ಯಾರಿಗೂ ಹೇಳಿರಲಿಲ್ಲ. ಟೀವಿಯವರಿಗೆ ಹೇಳಿದ.

“ಯಾಕ ಹೇಳಾಕ ಹೋದ್ರಿ?” ರೇಣು ಮನೆಯ ಬಡಿಗತನದ ಶೆಡ್ಡಿನಲ್ಲಿ ಕಿಟಕಿಯ ಪಟ್ಟಿಗೆ ಪಾಲಿಶ್ ಕಾಗದ ತಿಕ್ಕುತ್ತ ಹತ್ತನೆಯ ಸಲವೋ ಹನ್ನೊಂದನೆಯ ಸಲವೋ ಕೇಳಿದಳು.

“ಅಳು ಬರೋವಂಥದ್ದ ಏನರ ಹೇಳು ಅಂದ್ರು. ಒಬ್ಬನ ಅವ್ವ ತೀರಿಕೊಂಡಿದ್ಲು. ಒಬ್ಬಂದು ಮನಿ ಬಿದ್ದಿತ್ತು. ನಂದೇನೂ ಇರಲಿಲ್ಲ. ಇದ ಒಂದಿತ್ತು.”

“ಅದಕ್ಕ ಇದನ್ನ ತಗದ ಕೊಟ್ರಿ.”

“ಅವಾಗ ಕ್ಯಾಮೆರಾ ಅಷ್ಟ ಕಾಣತೈತಿ ರೇಣು, ಊರು ಕಾಣಂಗಿಲ್ಲ.”

“ಈಗ ಊರೆಲ್ಲಾ ಬಂದು ನಮ್ಮ ಪಡಸಾಲ್ಯಾಗ ಕುಂದ್ರತೈತಿ. ಅದರ ನಡುವ ನಿಮ್ಮಪ್ಪಾರು ಕುಂದ್ರತಾರ.”

ಗೌತಮ ಚಾನೆಲ್ಲಿನ ಹುಡುಗಿಗೆ ಫೋನ್ ಮಾಡಿ ಕೇಳಿಯೂ ನೋಡಿದ್ದ. ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ ತನಗೂ ಗೊತ್ತಿಲ್ಲ ಸರ್ ಎಂದಿದ್ದಳು ಅವಳು. ಎರಡನೆಯ ಸಲ ಫೋನ್ ಎತ್ತಲಿಲ್ಲ.

ಶಟ್ಟೆಪ್ಪನಿಗೆ ಇದೊಂದೂ ಗೊತ್ತಿಲ್ಲ. ಪ್ರತಿ ರವಿವಾರ ಎಲ್ಲರಿಗಿಂತ ಮುಂಚೆ ಬಂದು ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದ. ಸ್ಪರ್ಧೆಯ ಬಗ್ಗೆ ಅವನಿಗೆ ಒಳ್ಳೆಯ ಅಭಿಪ್ರಾಯ ಇರಲಿಲ್ಲ. ಆದರೆ ಒಂದು ನಿಮಿಷವೂ ಬಿಡುತ್ತಿರಲಿಲ್ಲ.

“ಆ ಕೋಟಿನ್ಯಾಂವ ಜೀವನದಾಗ ಒಮ್ಮಿ ಆದ್ರೂ ರಂದಾ ಹೊಡದಾನೇನ್ಲೇ?” ತೀರ್ಪುಗಾರನೊಬ್ಬ ಮೇಜಿನ ಅಂಚಿಗೆ ಉಗುರು ತಾಗಿಸಿ ನೋಡುವಾಗ ಶಟ್ಟೆಪ್ಪ ಕೇಳಿದ.

“ಕಾಕಾ, ಅವರು ಫಾರಿನ್ನಾಗ ಕಲತ ಬಂದಾರ,” ಎಂದ ಆಟೋ ಬಾಳು. ಟೀವಿಯಲ್ಲಿ ಬಂದದ್ದೆಲ್ಲ ಬಾಳುವಿಗೆ ಸರಿ ಕಾಣುತ್ತಿತ್ತು.

“ಫಾರಿನ್ನಾಗ ಕಟಗಿ ಉಗುರಿನ್ಯಾಗ ಕೆತ್ತತಾರೇನು?”

“ಫಿನಿಶಿಂಗ್ ನೋಡ್ತಾರ ಕಾಕಾ.”

“ಫಿನಿಶಿಂಗ್ ಹತ್ತು ವರ್ಷ ಆದ ಮ್ಯಾಲೆ ನೋಡಬೇಕು. ಎರಡು ತಾಸಿಗೆ ಎಲ್ಲಾದೂ ಚಂದ ಇರತೈತಿ.”

ಲಗಮವ್ವನಿಗೆ ಮೈಸೂರಿನ ಶಿವಾನಿ ಎಂಬ ಹುಡುಗಿ ಹಿಡಿಸಿದ್ದಳು. “ಉಳಿ ಹೆಂಗ ಹಿಡದಾಳ ನೋಡ್ರಿ.”

“ಹಿಡದಿದ್ದ ತಪ್ಪು.”

“ಹೆಂಗಸು ಹಿಡದ್ರ ತಪ್ಪ ಕಾಣತೈತಿ ನಿಮಗ. ನಿಮ್ಮ ಶೆಡ್ಡಿನ್ಯಾಗ ಹಗಲೆಲ್ಲಾ ತಿಕ್ಕಾಕಿ ಯಾರು? ಹೊರಗ ಕೇಳಿದ್ರ ಸೊಸಿ ಮನ್ಯಾಗ ಇರತಾಳ ಅಂತೀರಿ.”

ಓಣಿಯವರು ನಕ್ಕರು. ರೇಣು ನಗಲಿಲ್ಲ. ಗೌತಮನ ಮುಖ ಪರದೆಯ ಮೇಲೆ ಬಂದಾಗಲೆಲ್ಲ ಅವಳು ಗ್ಲಾಸು ಎತ್ತುವ ನೆಪದಲ್ಲಿ ಒಳಗೆ ಹೋಗುತ್ತಿದ್ದಳು. ಈ ವಾರ ಅಲ್ಲ ಎಂದು ಗೊತ್ತಿದ್ದರೂ ಹೋಗುತ್ತಿದ್ದಳು.

ನಾಲ್ಕನೆಯ ವಾರ ಕಳೆದ ಮೇಲೆ, ಬುಧವಾರ ಅತ್ತೆ ಸೊಸೆ ಜೋಳ ಹಸನು ಮಾಡುತ್ತ ಕೂತಿದ್ದಾಗ ರೇಣು ಮಾತು ತೆಗೆದಳು. ಅವಳ ತವರು ಉಗರಗೋಳದಲ್ಲಿ. ಅವ್ವ ಸಾವಂತ್ರೆವ್ವ ಗುಡ್ಡದ ದಾರಿಯಲ್ಲಿ ಬಳೆ ಅಂಗಡಿ ಇಟ್ಟವಳು.

“ಅತ್ತಿ, ಈ ರವಿವಾರ ನೀವೂ ಮಾವಾರೂ ನಮ್ಮವ್ವನ ಕಡೆ ಹೋಗಿಬರ್ರಿ. ಕರದು ಭಾಳ ದಿನ ಆತು.”

“ರವಿವಾರ? ಮಗನ್ನ ಟೀವ್ಯಾಗ ನೋಡೋದು ಬಿಟ್ಟು?”

“ಒಂದ ವಾರ.”

ಲಗಮವ್ವ ಮೊರ ಕೆಳಗಿಟ್ಟಳು. “ಏನೈತಿ ಈ ವಾರ? ಹೇಳು.”

ರೇಣು ಹೇಳಿದಳು. ಸಹಿ, ಕಾಗದ ಎಲ್ಲ ಬಿಟ್ಟು ಬಸ್ ನಿಲ್ದಾಣದ ಸಂಗತಿ, ಅದನ್ನು ಗೌತಮ ಟೀವಿಯವರಿಗೆ ಹೇಳಿದ್ದು, ಎರಡೂ ಹೇಳಿದಳು. ಲಗಮವ್ವ ನಡುವೆ ಒಂದು ಕಲ್ಲು ಆರಿಸಿ ಬಿಸಾಡಿದಳು, ಅಷ್ಟೇ.

“ಅದ ಗೊತ್ತೈತಿ.”

“ಗೊತ್ತೈತಿ?”

“ಕಿತ್ತೂರಾಂವ ಕೊಟ್ಟ ಟಾವೆಲ್ಲಿಗೂ ರಾಮದುರ್ಗದಾಂವ ಕೊಟ್ಟ ಟಾವೆಲ್ಲಿಗೂ ನಮ್ಮೂರ ಪ್ಯಾಟಿ ಅಂಗಡಿದ ಚೀಟಿ ಇರತೈತೇನು? ನನಗ ಓದಾಕ ಬರಂಗಿಲ್ಲ, ಚೀಟಿ ಬಣ್ಣ ಕಾಣತೈತಿ.”

“ಮತ್ತ ಯಾಕ ಕೇಳಲಿಲ್ಲ ನೀವು?”

“ಕೇಳಿ ಏನ್ ಮಾಡಲಿ? ಅವರು ಕಷ್ಟಪಟ್ಟು ಹೇಳತಾರ, ನಾ ಕಷ್ಟಪಟ್ಟು ಕೇಳತೇನಿ. ಅಷ್ಟಕ್ಕ ಮುಗೀತಿತ್ತು.” ಮೊರ ಮತ್ತೆ ಎತ್ತಿಕೊಂಡಳು. “ನಿನ್ನ ಗಂಡಗ ಬಾಯಿ ಎಲ್ಲಿಂದ ಬಂತೋ. ಮನ್ಯಾಗ ನಾಕು ಮಾತ ಆಡಂಗಿಲ್ಲ.”

ಉಗರಗೋಳಕ್ಕೆ ಯಾರೂ ಹೋಗಲಿಲ್ಲ. ಶಟ್ಟೆಪ್ಪ ಕೇಳಿದ ಕೂಡಲೇ, “ಹುಚ್ಚ ಹಿಡದೈತೇನು? ಸೋಮವಾರ ಹೋದ್ರಾತು,” ಎಂದ.

ಐದನೆಯ ರವಿವಾರ ಹದಿನಾಲ್ಕು ಮಂದಿ ಬಂದರು. ಲಗಮವ್ವ ಚಹಾಕ್ಕೆ ಇಟ್ಟಳು, ಹಾಲು ಸಾಲದೆ ನೀರು ಹಾಕಿದಳು. ಗೌತಮ ಬಾಗಿಲ ಹತ್ತಿರ, ಹೊರಗೆ ಹೋಗಲು ಅನುಕೂಲವಾಗುವ ಹಾಗೆ ನಿಂತಿದ್ದ.

ಆ ವಾರದ ಕೆಲಸ, ಎರಡು ತಾಸಿನಲ್ಲಿ ಮೊಳೆ ಮತ್ತು ಅಂಟು ಇಲ್ಲದೆ ಒಂದು ಕುರ್ಚಿ. ಹೊರದೇಶದ ಬಿಳಿ ಕಟ್ಟಿಗೆ ಕೊಟ್ಟಿದ್ದರು. ಗೌತಮ ಕುರ್ಚಿಯ ಕಾಲಿನ ತುದಿಯಲ್ಲಿ ನಾಲಗೆಯಂಥ ಚಾಚು ಬಿಟ್ಟು, ಪಟ್ಟಿಯಲ್ಲಿ ಅದಕ್ಕೆ ತಕ್ಕ ತೂತು ಕೊರೆದ. ಮೂರು ಕಾಲು ಕೂಡಿದವು. ನಾಲ್ಕನೆಯದಕ್ಕೆ ಮರದ ಕೊಡತಿಯಿಂದ ಒಂದು ಏಟು ಹಾಕಿದ, ಎರಡನೆಯದು ಹಾಕಿದ. ಪಟ್ಟಿ ಉದ್ದಕ್ಕೆ ಸೀಳಿತು. ಆ ಸದ್ದನ್ನು ಚಾನೆಲ್ಲಿನವರು ಮೂರು ಸಲ ಕೇಳಿಸಿದರು.

“ಅಯ್ಯ!” ಎಂದ ಬಾಳು. ತೀರ್ಪುಗಾರ, ಶಕ್ತಿ ಜಾಸ್ತಿ, ಸೂಕ್ಷ್ಮ ಕಡಿಮೆ ಎಂದ.

ಆಮೇಲೆ ಬೆಳಕು ಸಣ್ಣದಾಯಿತು. ವಯೊಲಿನ್ ಶುರುವಾಯಿತು. ಗೌತಮನ ಮುಖ ಪರದೆ ತುಂಬ ಬಂತು, ಕಣ್ಣು ಕೆಂಪಾಗಿತ್ತು. ರೇಣು ಚಹಾದ ತಟ್ಟೆ ಹಿಡಿದು ಒಳಬಾಗಿಲಲ್ಲಿ ನಿಂತಿದ್ದಳು.

“ನಮ್ಮ ತಂದೆಯವರು ಬಾಗಿಲ ಚೌಕಟ್ಟು ಮಾಡ್ತಾರೆ,” ಎಂದಿತು ಪರದೆಯ ಮುಖ. ಕಣ್ಣೊರೆಸಿಕೊಂಡಿತು. “ನಾನು ಏನೇ ಕಲಿತಿದ್ರೂ ಅವರಿಂದಾನೇ.”

ಮುಗಿಯಿತು. ಹೆಚ್ಚೆಂದರೆ ಅರ್ಧ ನಿಮಿಷ. ನಿರೂಪಕಿ ಗೌತಮನನ್ನು ಅಪ್ಪಿಕೊಂಡು ಬೀಳ್ಕೊಟ್ಟಳು, ಬಟ್ಟೆ ಸೋಪಿನ ಜಾಹೀರಾತು ಬಂತು. ಓಣಿಯವರು ಚಪ್ಪಾಳೆ ತಟ್ಟಿದರು. ರೇಣು ತಟ್ಟೆ ಕೆಳಗಿಟ್ಟು ಕೂತುಬಿಟ್ಟಳು. ಬೆನ್ನೆಲ್ಲ ನೋಯುತ್ತಿತ್ತು.

ಎಲ್ಲರೂ ಹೋದ ಮೇಲೆ ಊಟಕ್ಕೆ ಕೂತರು. ಬದನೆಕಾಯಿ ಪಲ್ಯ, ರೊಟ್ಟಿ, ಶೇಂಗಾ ಚಟ್ನಿ.

“ಇಷ್ಟ ಹೇಳಿದೇನ ನೀ?” ಶಟ್ಟೆಪ್ಪ ಕೇಳಿದ.

“ಇಷ್ಟ.”

“ಇಷ್ಟಕ್ಕ ಯಾಕ ಕಣ್ಣೀರ ಹಾಕಿದಿ?”

ಗೌತಮ ರೊಟ್ಟಿ ಮುರಿದ. ಲಗಮವ್ವ, “ಅಪ್ಪನ ನೆನಪಾಗಿರಬೇಕು, ಉಣ್ರಿ,” ಎಂದಳು.

“ನಾ ಏನು ಸತ್ತೇನೇನ ನೆನಪಾಗಾಕ?” ಶಟ್ಟೆಪ್ಪ ಮಗನ ಕಡೆ ತಿರುಗಿದ: “ಬಿಗಿ ಇಟ್ಟು ಬಡದು ಕೂಡಸು ಅಂತ ನಾ ಹೇಳಿದ್ದು ಸಾಗವಾನಿಗೆ. ಆ ಜ್ವಾಳದ ಕಣಕಿಯಂಥಾ ಕಟಗಿಗಲ್ಲ. ಕೈಯಾಗ ಹಿಡದಾಗ ಗೊತ್ತಾಗಲಿಲ್ಲ?”

“ಗೊತ್ತಾತು.”

“ಮತ್ತ?”

“ಕೈ ಕೇಳಬೇಕಲ್ಲ ಯಪ್ಪಾ. ಇಪ್ಪತ್ತು ವರ್ಷ ನೀ ಹಂಗ ಹೊಡಿಸಿದಿ.”

“ಆತು ಬಿಡು. ನಾನ ಸೋಲಿಸಿದೆ ನಿನ್ನ.”

“ಹಂಗ ಯಾರಂದ್ರು?”

“ಟೀವ್ಯಾಗ ಅಂದೆಲ್ಲ, ಏನೇ ಕಲಿತಿದ್ರೂ ಅವರಿಂದಾನೇ ಅಂತ. ಸೀಳಿದ್ದೂ ನನ್ನಿಂದಾನ.”

ರೇಣು ತಲೆ ತಗ್ಗಿಸಿ ಪಲ್ಯ ಬಡಿಸಿದಳು. ನಾಲ್ಕು ತಿಂಗಳು ಹೆದರಿದ್ದು ಒಂದಕ್ಕೆ, ಮನೆಯಲ್ಲಿ ಜಗಳ ಆದದ್ದು ಇನ್ನೊಂದಕ್ಕೆ. ಆದರೂ ಇದು ಸಣ್ಣ ಜಗಳ. ಇದನ್ನು ತಡೆದುಕೊಳ್ಳಬಹುದು ಎನಿಸಿತು.

ಮಂಗಳವಾರ ಬೆಳಿಗ್ಗೆ ಸಂಗಪ್ಪ ಶೆಡ್ಡಿಗೆ ಬಂದ. ಮಾರುಕಟ್ಟೆಯಲ್ಲಿ ಕಾಳಿನ ವ್ಯಾಪಾರಿ, ಕಿತ್ತೂರು ರಸ್ತೆಯ ಕಡೆ ಹೊಸ ಮನೆ ಕಟ್ಟಿಸುತ್ತಿದ್ದ. ಅವನ ತಲಬಾಗಿಲಿನ ಚೌಕಟ್ಟು ಸಿದ್ಧವಾಗಿ ಗೋಡೆಗೆ ಒರಗಿತ್ತು. ಶುಕ್ರವಾರ ಹತ್ತೂವರೆಗೆ ಮುಹೂರ್ತ. ಬಾಗಿಲು, ಆರು ಕಿಟಕಿ ಇನ್ನೂ ಆಗಬೇಕಿತ್ತು. ಬೇಸಿಗೆ ಮುಗಿಯುವವರೆಗಿನ ಕೆಲಸ ಅದೇ.

“ಎಲ್ಲಿ ನಮ್ಮ ಹೀರೋ?” ಎಂದ ಸಂಗಪ್ಪ. “ಗೌತಮಾ, ನಮ್ಮ ಮನ್ಯಾಗ ಎಲ್ಲಾರೂ ನೋಡಿದ್ವಿ. ನಮ್ಮ ಮನಿಯಾಕಿ ಸುಂದರವ್ವ ಅತ್ತೇ ಬಿಟ್ಲು. ಆ ಜಡ್ಜ್ ಮೋಸಾ ಮಾಡಿದಾ, ನಾ ಹೇಳತೇನಿ.”

“ಮೋಸ ಏನಿಲ್ರಿ ಸಾವಕಾರ್ರ. ಕಟಗಿ ಸೀಳಿತು.”

“ಇರಲಿ. ಶುಕ್ರವಾರ ನೀ ಬರಬೇಕು. ಚೌಕಟ್ ನಿಂದ್ರಸೂಮುಂದ ಬಾಜೂಕ ನಿಂತ್ಕೋ. ಫೋಟೋದಾಂವಗ ಹೇಳೇನಿ. ಪೂಜಿ ಕಲ್ಮೇಶ ಮಾಡತಾನ, ಆಯೇರಿ ನಿನಗ. ಟೀವ್ಯಾಗ ಬಂದಾಂವನ ಕೈಯಾನ ಚೌಕಟ್ಟು ಅಂದ್ರ ನಾಕು ಮಂದಿ ಕೇಳತಾರ.”

ರೇಣು ಕಾಗದ ತಿಕ್ಕುವುದನ್ನು ನಿಲ್ಲಿಸಿದಳು. ಗೌತಮ ಅಪ್ಪನ ಕಡೆ ನೋಡಿದ. “ಚೌಕಟ್ ಮಾಡಿದ್ದು ನಮ್ಮಪ್ಪ ರೀ.”

“ಗೊತ್ತದೋ ಮಾರಾಯಾ, ಶಟ್ಟೆಪ್ಪ ಬಾಗಲಾ ಹಚ್ಚಾಕ ಹೆಂಗೂ ಬರತಾನ. ಏನ್ ಶಟ್ಟೆಪ್ಪಾ?”

“ಹೌದ್ರಿ ಸಾವಕಾರ್ರ,” ಎಂದ ಶಟ್ಟೆಪ್ಪ. ಅರವತ್ತೊಂದರ ಶಟ್ಟೆಪ್ಪ ನಲವತ್ತರ ಸಂಗಪ್ಪನಿಗೆ ಬಹುವಚನ ಹಚ್ಚುತ್ತಿದ್ದ, ಸಂಗಪ್ಪ ಹಚ್ಚುತ್ತಿರಲಿಲ್ಲ.

ಅಂದು ಮಧ್ಯಾಹ್ನ ಊಟಕ್ಕೆ ಕೂತಾಗ ಗೌತಮ, “ನಾ ಹೋಗಂಗಿಲ್ಲ,” ಎಂದ.

“ಆರು ಕಿಟಕಿ ಯಾರು ಕೊಡತಾರ? ನಿನ್ನ ಟೀವ್ಯಾವ್ರು ಕೊಡತಾರೇನು?” ಶಟ್ಟೆಪ್ಪ ಕೇಳಿದ.

“ನೀ ಬಾ ಹಂಗಾರ, ನನ್ನ ಜೋಡಿ.”

“ಈ ಸಲ ನೀ ಹೋಗು. ನಾ ಪ್ರತಿ ಸಲ ಹೋಗೇ ಹೋಗತೇನಲ್ಲ.”

ರೇಣು ಅತ್ತೆಯ ಮುಖ ನೋಡಿದಳು. ಲಗಮವ್ವ ಚಟ್ನಿಯ ಡಬ್ಬಿಯ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದಳು.

“ಮಜ್ಜಗಿ ಬೇಕೇನ್ರಿ?” ಎಂದಳು.

“ಹಾಕು.”

ಶುಕ್ರವಾರ ಗೌತಮ ಹೋದ. ಮಧ್ಯಾಹ್ನ ಎರಡಕ್ಕೆ ಬಂದ. ಶೆಡ್ಡಿನಲ್ಲಿ ಶಟ್ಟೆಪ್ಪ ಕಿಟಕಿಯ ಅಳತೆ ಗುರುತು ಮಾಡುತ್ತಿದ್ದ. ಲಗಮವ್ವ ಉಳಿದ ಚಕ್ಕೆಗಳನ್ನು ಒಲೆಗೆಂದು ಬುಟ್ಟಿಗೆ ತುಂಬುತ್ತಿದ್ದಳು. ಗೌತಮ ಆಯೇರಿಯ ಚೀಲವನ್ನು ಹಲಗೆಯ ಮೇಲಿಟ್ಟ, ಯಾರೂ ಬಿಚ್ಚಲಿಲ್ಲ.

“ಹೆಂಗಾತು?” ಶಟ್ಟೆಪ್ಪ ಕೇಳಿದ.

“ಆತು. ಫೋಟೋ ತಗದ್ರು. ಕಲ್ಮೇಶ ಕಾಕಾ ನಿನ್ನ ಕೇಳಿದ. ಚೌಕಟ್ ಭಾಳ ಚಲೋ ಕುಂತೈತಿ, ದಾರಕ್ಕ ಗುಂಡು ಕಟ್ಟಿ ಬಿಟ್ಟು ನೋಡಿದ್ರ ಕೂದಲಷ್ಟೂ ವಾಲಿಲ್ಲ ಅಂದ.”

“ಊಟ?” ಎಂದಳು ಲಗಮವ್ವ.

“ಹಾಕಿದ್ರು. ಎಲ್ಲಾರೂ ಮಾಂಡವದಾಗ ಕುಂತಿದ್ರು. ನನಗ ಹೊರಗ ಗಿಡದ ಕೆಳಗ ಒಂದು ಕುರ್ಚಿ ಹಾಕಿ, ಅಲ್ಲೇ ತಂದ ಕೊಟ್ರು. ಪೇಪರ್ ಪ್ಲೇಟಿನ್ಯಾಗ. ಹೀರೋ ನೆರಳಾಗ ಕುಂತು ಉಣ್ಣಲಿ ಅಂದಾ ಸಾವಕಾರ.”

ಲಗಮವ್ವ ಬುಟ್ಟಿ ಬಿಟ್ಟು ಗಂಡನ ಕಡೆ ತಿರುಗಿದಳು. “ನಿಮಗ ಎಲ್ಲಿ ಕುಂದ್ರಸತಿದ್ರು?”

ಶಟ್ಟೆಪ್ಪ ಪೆನ್ಸಿಲ್ಲಿನ ಗೆರೆ ಅರ್ಧಕ್ಕೆ ನಿಲ್ಲಿಸಿದ. ರೇಣುವಿಗೆ ಎದ್ದು ಹೋಗಬೇಕೆನಿಸಿತು. ಕಾಲ ಮೇಲೆ ಕಿಟಕಿಯ ಪಟ್ಟಿ ಇತ್ತು.

“ನನಗ ಯಾರ ಕರೀತಿದ್ರು?” ಎಂದ.

“ಅದ ಗೊತ್ತೈತಿ.”

ಅವನು ಹೆಂಡತಿಯನ್ನು, ಮಗನನ್ನು, ಕೊನೆಗೆ ಸೊಸೆಯನ್ನು ನೋಡಿದ. ಮೂವರ ಮುಖದಲ್ಲೂ ಆಶ್ಚರ್ಯ ಇರಲಿಲ್ಲ. ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡ.

“ಊಟದ್ದು ಕೇಳಾಕತ್ತೇನಿ,” ಎಂದಳು ಲಗಮವ್ವ. “ಪೂಜಿಗೆ ಕರೀದಿದ್ರೂ ಹಿತ್ತಲದಾಗ ಕುಂದ್ರಿಸಿ ಒಂದು ತಾಟ ಹಾಕತಿದ್ದಾರು ಅಂತ ತಿಳಕೊಂಡಿದ್ನಿ. ಅದಕ್ಕ ಆ ದಿನಾ ನಾ ಬುತ್ತಿ ಕಟ್ಟತಿರಲಿಲ್ಲ. ಮುಂಜಾನಿಂದ ಸಂಜೀ ತನಕ ಏನ್ ತಿಂತಿದ್ರಿ?”

“ಸಿಗತಾವಲ್ಲ. ಚುರುಮುರಿ, ಬಾಳಿಹಣ್ಣು.”

“ಮೂವತ್ತು ವರ್ಷ ಚುರುಮುರಿ?”

“ದಿನಾ ನಿಂದ್ರಸತಾರೇನ ಚೌಕಟ್ಟು? ವರ್ಷಕ್ಕ ನಾಕೋ ಐದೋ.”

“ಬುತ್ತಿ ಕಟ್ಟು ಅನ್ನಾಕ ಏನಾಗಿತ್ತು ಬಾಯಿಗೆ?”

“ಬುತ್ತಿ ಕಟ್ಟು ಅಂದ್ರ ನೀ ಕೇಳತಿದ್ದೆಲ್ಲ, ಅವರ ಮನ್ಯಾಗ ಉಣ್ಣಾಕ ಹಾಕಂಗಿಲ್ಲೇನು ಅಂತ.”

ಲಗಮವ್ವನ ಸಿಟ್ಟು ಎಲ್ಲೆಲ್ಲಿಗೋ ಹರಿಯಿತು. ಮಗನನ್ನು ಬೈದಳು, ಸಂಗಪ್ಪನ ಪೇಪರ್ ಪ್ಲೇಟನ್ನು ಬೈದಳು, ರೇಣು ಬುಟ್ಟಿಗೆ ಕೈ ಹಚ್ಚಲಿಲ್ಲವೆಂದು ಬೈದಳು. ಗೌತಮ, “ನಾ ಇದನ್ನ ಟೀವ್ಯಾಗ ಹೇಳಿದ್ನಿ ಯಪ್ಪಾ. ಕತ್ತರಿಸಿ ಒಗದಾರ,” ಎಂದ.

“ಎಷ್ಟ ಹೊತ್ತು ಹೇಳಿದ್ದಿ?”

“ಹತ್ತು ಹದಿನೈದು ನಿಮಿಷ.”

ಶಟ್ಟೆಪ್ಪ ಲೆಕ್ಕ ಹಾಕುವವನಂತೆ ಬೆರಳು ಮಡಚಿದ. ಬೈಯಬಹುದೆಂದು ರೇಣು ಕಾದಳು. “ಅಷ್ಟು ಹೇಳಿದ್ದು ಬ್ಯಾಡಾತು ಅವರಿಗೆ,” ಎಂದ. “ಸೀಳಿದ್ದು ಮೂರ ಸಲ ತೋರಿಸಿದ್ರು.”

ಆರನೆಯ ರವಿವಾರ ಓಣಿಯಿಂದ ಯಾರೂ ಬರಲಿಲ್ಲ. ಲಗಮವ್ವ ಒಬ್ಬಳೇ ಕೂತು ಶಿವಾನಿಯನ್ನು ನೋಡಿದಳು.

ಮುಂದಿನ ಚೌಕಟ್ಟು ರಾಮದುರ್ಗದ್ದು. ಗುರುವಾರ ಬೆಳಿಗ್ಗೆ ಆರಕ್ಕೆ ಟೆಂಪೋ ಬಂತು. ಅಪ್ಪ ಮಗ ಚೌಕಟ್ಟು ಹೇರಿದರು, ಮೂಲೆಗಳಿಗೆ ಗೋಣಿಚೀಲ ಸುತ್ತಿ ಹಗ್ಗ ಬಿಗಿದರು. ಟೆಂಪೋ ಹೋದ ಮೇಲೆ ಶಟ್ಟೆಪ್ಪ ಒಳಗೆ ಹೋಗಿ ಇಸ್ತ್ರಿ ಅಂಗಿ ಹಾಕಿಕೊಳ್ಳಲಿಲ್ಲ. ಹಳೆಯ ಬನಿಯನ್ನಿನಲ್ಲೇ ಶೆಡ್ಡಿಗೆ ಬಂದು ಸಂಗಪ್ಪನ ಎರಡನೆಯ ಕಿಟಕಿಗೆ ರಂದಾ ಹೊಡೆಯತೊಡಗಿದ.

ಹನ್ನೆರಡಕ್ಕೆ ರೇಣು ತಾಟು ತಂದಳು. ಅವನು ಕೈ ಜಾಡಿಸಿ, ಮೊಬೈಲ್ ಎತ್ತಿ ಗಂಟೆ ನೋಡಿದ.

“ಮುಹೂರ್ತ ಮುಗದಿರಬೇಕು.”

“ಉಣ್ರಿ ಮಾವಾ.”

ನೆಲದ ಮೇಲೆ ಕೂತು ರೊಟ್ಟಿ ಮುರಿದು ಪಲ್ಯ ಹಚ್ಚಿ ಒಂದು ತುತ್ತು ತಿಂದ.

“ಉಪ್ಪು ಕಡಿಮಿ ಆಗೈತಲ್ಲ ಇದಕ್ಕ,” ಎಂದ.

ರೇಣು ಉಪ್ಪು ತರಲು ಒಳಗೆ ಹೋದಳು.